ಅಜ್ಜಿಯ ಕೈಯ ಹಸಿರು ಪಟ್ಟಿ

ಆ ದಿನ ಮಧ್ಯಾಹ್ನ ಮೂರೂವರೆಯವರೆಗೂ ನನ್ನ ಫೋನಿನಲ್ಲಿ ಅಜ್ಜಿ ಮನೆಯಲ್ಲೇ ಇದ್ದಳು. ನಕ್ಷೆಯ ಮೇಲೆ ನೀಲಿ ಚುಕ್ಕೆ ಬೇಲೆಕೇರಿಯ ನಮ್ಮ ಮನೆಯ ಮೇಲೆ ಕೂತಿತ್ತು. ಪಕ್ಕದಲ್ಲಿ ಬ್ಯಾಟರಿ ಪೂರ್ತಿ ತುಂಬಿದೆ ಎಂದಿತ್ತು. ನಾನು ಕಾರವಾರದ ಕಚೇರಿಯಲ್ಲಿ ಸಮುದ್ರದ ನೀರಿನ ಮಾದರಿಗಳನ್ನು ಪರೀಕ್ಷಿಸುತ್ತ, ಹನ್ನೊಂದೂವರೆಗೆ ಒಮ್ಮೆ, ಊಟಕ್ಕೆ ಕೂತಾಗ ಒಮ್ಮೆ, ಎರಡೂವರೆಗೆ ಒಮ್ಮೆ ಆ ಚುಕ್ಕೆಯನ್ನು ನೋಡಿದ್ದೆ. ಮೂರು ಸಲವೂ ನೆಮ್ಮದಿಯಿಂದ ಫೋನನ್ನು ಬೋರಲು ಹಾಕಿ ಕೆಲಸಕ್ಕೆ ಮರಳಿದ್ದೆ. ಆ ನೆಮ್ಮದಿ ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಅಜ್ಜಿಗೆ ಮರೆವು ಶುರುವಾಗಿ ನಾಲ್ಕು ವರ್ಷವಾಗಿತ್ತು. ಮೊದಲು ಸಾರಿಗೆ ಎರಡೆರಡು ಸಲ ಉಪ್ಪು ಬೀಳುತ್ತಿತ್ತು, ನನ್ನನ್ನು ನನ್ನ ಅತ್ತೆಯ ಹೆಸರಿನಿಂದ ಕರೆಯುತ್ತಿದ್ದಳು. ಅಂಕೋಲೆಯ ಡಾಕ್ಟರು ವಯಸ್ಸಾಯ್ತಲ್ಲ ಎಂದರು. ವಯಸ್ಸಾದದ್ದು ನಮಗೂ ಗೊತ್ತಿತ್ತು. ಎರಡು ವರ್ಷದ ನಂತರ ಅವಳು ಮನೆ ಬಿಟ್ಟು ನಡೆಯತೊಡಗಿದಳು. ನಲವತ್ತು ವರ್ಷ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ತಿರುಗಿದವಳು. ನಮ್ಮಲ್ಲಿ ಮೀನು ಮಾರುವ ಪ್ರತಿ ಹೆಂಗಸಿಗೂ ಅವಳವೇ ಮನೆಗಳಿರುತ್ತವೆ; ಒಬ್ಬಳ ಮನೆಯಂಗಳದಲ್ಲಿ ಇನ್ನೊಬ್ಬಳು ಬುಟ್ಟಿ ಇಳಿಸುವುದಿಲ್ಲ. ಅಜ್ಜಿಯ ಮನೆಗಳು ಹಟ್ಟಿಕೇರಿಯ ಬೇಸಾಯದವರ ಕೇರಿಗಳಲ್ಲಿದ್ದವು. ಮೊಣಕಾಲು ನೋವು ಬಂದ ಮೇಲೆ ಮಾರುವುದನ್ನು ಬಿಟ್ಟಿದ್ದಳು. ಈಗ ಬಿಟ್ಟದ್ದು ಮರೆತುಹೋಗಿತ್ತು.

"ಹೊತ್ತಾಯ್ತೇ, ಮೀನು ಹಾಳಾತದೆ," ಎನ್ನುತ್ತ ಕೈಗೆ ಸಿಕ್ಕಿದ ಬುಟ್ಟಿ ಎತ್ತಿಕೊಂಡು ಹೊರಟುಬಿಡುವಳು.

ಅವಳ ಕಾಲದಲ್ಲಿ ಹಟ್ಟಿಕೇರಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ರಸ್ತೆ ದಾಟಿದರೆ ಆಗುತ್ತಿತ್ತು. ಈಗ ಅಲ್ಲಿ ಚತುಷ್ಪಥ ಹೆದ್ದಾರಿ. ಗೋವಾದಿಂದ ಮಂಗಳೂರಿಗೆ ಹೋಗುವ ಲಾರಿಗಳು ಅಲ್ಲಿ ಯಾರಿಗೂ ನಿಧಾನಿಸುವುದಿಲ್ಲ. ಅಪ್ಪ ಮೂರು ಸಲ ಹೆದ್ದಾರಿಗಿಂತ ಮೊದಲೇ ಅವಳನ್ನು ತಡೆದು ಕರೆದುಕೊಂಡು ಬಂದಿದ್ದ. ನಾಲ್ಕನೆಯ ಸಲ ಅಪ್ಪ ಸಮುದ್ರದಲ್ಲಿದ್ದರೆ ಏನು ಗತಿ ಎಂದು ನನಗೆ ಅನ್ನಿಸಿತು. ಎಲ್ಲಿದ್ದಾರೆಂದು ತೋರಿಸುವ ಕೈಪಟ್ಟಿ ಇರುತ್ತದೆಂದು ಓದಿದ್ದೆ. ಗಡಿಯಾರದಂಥದು, ಒಳಗೊಂದು ಸಿಮ್, ಹಿಂಬದಿಯಲ್ಲಿ ಮನೆಯವರ ಫೋನ್ ನಂಬರ್. ಅದರ ಕೊಂಡಿ ಸುಲಭಕ್ಕೆ ಬಿಚ್ಚುವುದಿಲ್ಲ. ಅದಕ್ಕೆಂದೇ ಕೊಡುವ ಸಣ್ಣ ಪಿನ್ನಿನಿಂದ ಒತ್ತಬೇಕು. ಕೂತಲ್ಲೇ ಫೋನಿನಲ್ಲಿ ತರಿಸಿದೆ. ಕಪ್ಪು ಖಾಲಿಯಾಗಿದೆ, ಹಸಿರಾದರೆ ಎರಡು ದಿನದಲ್ಲಿ ಬರುತ್ತದೆ ಎಂದು ತೋರಿಸಿತು. ನಾನು ಹಸಿರನ್ನು ಒತ್ತಿದೆ.

ಸ್ನಾತಕೋತ್ತರ ಪದವಿ ಪಡೆದವಳು ನಾನು. ನೀರಿನ ಲವಣಾಂಶವನ್ನು ಎರಡು ದಶಮಾಂಶದ ತನಕ ಬರೆದಿಡುವವಳು. ಹಸಿರು ಎಂದರೆ ನಮ್ಮ ಕೇರಿಯಲ್ಲಿ ಏನು ಎಂದು ಒಂದು ಕ್ಷಣವೂ ಯೋಚಿಸಲಿಲ್ಲ.

ಅಜ್ಜ ತೀರಿಕೊಂಡಾಗ ನಾನು ಒಂಬತ್ತನೆಯ ತರಗತಿಯಲ್ಲಿದ್ದೆ. ಹೆಣ ಎತ್ತುವ ಮೊದಲು ಹೆಂಗಸರು ಅಜ್ಜಿಯನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅವಳ ಎರಡೂ ಕೈ ಇಡಿಸಿ, ಹಸಿರು ಗಾಜಿನ ಬಳೆಗಳನ್ನು ಒಡೆದರು. ಯಾರೂ ಕ್ರೂರಿಗಳಾಗಿರಲಿಲ್ಲ. ಅಳುತ್ತಲೇ ಒಡೆದರು. ಬಲಗೈಗೆ ಗಾಜು ತಾಗಿ ರಕ್ತ ಬಂತು. ಒಬ್ಬಳು ತನ್ನ ಸೆರಗಿನಿಂದಲೇ ಒರೆಸಿದಳು. ಅಲ್ಲಿಂದ ಮುಂದೆ ಅಜ್ಜಿಯ ಕೈಗಳು ಬರಿದಾಗಿಯೇ ಇದ್ದವು. ನಾನು ತಂದ ಪಟ್ಟಿ ಆ ಬರಿಗೈಯ ಮೇಲೆ, ಆ ಗಾಯದ ಕಲೆಯ ಮೇಲೆಯೇ ಕೂತಿತು.

ಮೊದಲು ನೋಡಿದವಳು ಅತ್ತೆ. ಅಪ್ಪನ ಅಕ್ಕ. ನಮ್ಮ ಮನೆಯಿಂದ ಎರಡು ಮನೆ ಆಚೆ ಇರುತ್ತಾಳೆ. ಅವಳ ಒಬ್ಬನೇ ಮಗ ಅಪ್ಪನ ದೋಣಿಯಲ್ಲೇ ಮೀನಿಗೆ ಹೋಗುತ್ತಾನೆ.

"ಎಂತದೇ ಇದು? ಗಂಡ ಹೋದವ್ಳ ಕೈಗೆ ಹಸ್ರು ಬಳೆ?"

"ಬಳೆ ಅಲ್ಲ ಅತ್ತೆ, ಯಂತ್ರ. ಎಲ್ಲಿ ಹೋದ್ರೂ ತೋರಿಸ್ತದೆ."

"ಯಂತ್ರ ಹೇಳಿ ಅದ್ರ ಮೇಲೆ ಬರ್ದದ್ಯ? ದೂರದಿಂದ ನೋಡ್ದವ್ರಿಗೆ ಎಂತ ಕಾಣ್ತದೆ ಅಷ್ಟು ಹೇಳು."

ಪಕ್ಕದ ಮನೆಯವಳು ಬೇಲಿಯಾಚೆಯಿಂದ ಸೇರಿಸಿದಳು. "ನಮ್ಮನೆ ಎಮ್ಮಿಗೂ ಒಂದು ತರ್ಸಿಕೊಡೇ ತಂಗಿ. ದಿನಾ ಸಂಜಿಗೆ ಹುಡ್ಕೂದೇ ಆಗೋಯ್ತು."

ಎಲ್ಲರೂ ನಕ್ಕರು. ಅಜ್ಜಿಯೂ ನಕ್ಕಳು. ನಾನು ಒಳಗೆ ಹೋದೆ. ಮಾತಿಗೆ ಮಾತು ಕೊಡುವುದು ನನಗೆ ಯಾವತ್ತೂ ಬಂದದ್ದಲ್ಲ.

ಅಜ್ಜಿಗೆ ಆ ಪಟ್ಟಿ ದಿನಕ್ಕೊಂದು ಥರ ಕಾಣುತ್ತಿತ್ತು. ಕೆಲವು ದಿನ ಅವಳಿಗೆ ಗಂಡ ಸತ್ತದ್ದು ನೆನಪಿರುತ್ತಿತ್ತು. ಆಗ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು, "ತೆಗಿಯೇ ಇದ್ನ, ಜನ ಕಂಡ್ರೆ ಎಂತ ಹೇಳ್ತ್ರು," ಎನ್ನುತ್ತಿದ್ದಳು. ಹೆಚ್ಚಿನ ದಿನ ಅದು ನೆನಪಿರುತ್ತಿರಲಿಲ್ಲ. ಆಗ ಕೈ ಮುಂದೆ ಚಾಚಿ ನೋಡಿಕೊಂಡು, "ಈ ಕೈಗೊಂದೇ ಹಾಕ್ದೆ, ಆ ಕೈಗೆ?" ಎಂದು ಕೇಳುತ್ತಿದ್ದಳು. ಅಂಥ ದಿನ ನಾನು ಅವಳನ್ನು ತಿದ್ದುತ್ತಿರಲಿಲ್ಲ. ಆ ಸಂತೋಷ ತಪ್ಪೆಂದು ನನಗೆ ಅನ್ನಿಸಲಿಲ್ಲ. ಅತ್ತೆಗೆ ಅನ್ನಿಸಿತ್ತು.

ಇನ್ನೊಂದು ಸಂಗತಿಯನ್ನೂ ಹೇಳಲೇಬೇಕು. ಪಟ್ಟಿಯನ್ನು ಕೈಯಿಂದ ತೆಗೆದರೆ ಫೋನಿಗೆ ಸೂಚನೆ ಬರುತ್ತದೆ. ನನ್ನ ಅಮ್ಮ, ಆಯಿ, ದಿನಾ ಸ್ನಾನ ಮಾಡಿಸುವಾಗ ತೆಗೆಯುತ್ತಿದ್ದಳು, ಚಾರ್ಜಿಗೆ ಹಾಕುವಾಗ ತೆಗೆಯುತ್ತಿದ್ದಳು. ಪ್ರತಿ ಸಲ ನನ್ನ ಫೋನು ಕಚೇರಿಯ ಮೇಜಿನ ಮೇಲೆ ನಡುಗುತ್ತಿತ್ತು, ಪಕ್ಕದವರು ತಲೆಯೆತ್ತಿ ನೋಡುತ್ತಿದ್ದರು. ಮನೆಯ ವಿಷಯ ಕಚೇರಿಯಲ್ಲಿ ಯಾರಿಗೂ ಗೊತ್ತಾಗುವುದು ನನಗೆ ಬೇಡವಾಗಿತ್ತು. ಒಂದು ದಿನ ಆ ಸೂಚನೆಯನ್ನು ನಿಲ್ಲಿಸಿಬಿಟ್ಟೆ. ಚುಕ್ಕೆ ಇದೆಯಲ್ಲ, ಸಾಕು ಅಂದುಕೊಂಡೆ. ಆ ಕೆಲಸ ಮಾಡಿದ್ದು ಅತ್ತೆಯಲ್ಲ, ನಾನು.

ನೂಲು ಹುಣ್ಣಿಮೆ ಬಂತು. ಮಳೆಗಾಲದ ನಿಷೇಧ ಮುಗಿದು ದೋಣಿಗಳು ಹೊರಡುವ ಮೊದಲು ನಮ್ಮವರು ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ಪೂಜೆ ಮಾಡುವ ದಿನ. ನನಗೆ ರಜೆ ಸಿಗಲಿಲ್ಲ. ಸಂಜೆ ಬರುತ್ತೇನೆ ಎಂದಿದ್ದೆ.

ಮೂರೂವರೆಗೆ ಅಪ್ಪನ ಫೋನು.

"ಮಗಾ, ಅಜ್ಜಿ ಎಲ್ಲವ್ಳೆ ನೋಡಿ ಹೇಳು."

ನೋಡಿದೆ. "ಮನೇಲೇ ಅವ್ಳೆ ಅಪ್ಪ."

ಅಪ್ಪ ದಂಡೆಯಲ್ಲಿದ್ದ, ಗಾಳಿಯ ಸದ್ದು ಕೇಳುತ್ತಿತ್ತು.

"ಮನೇಲಿಲ್ಲ."

"ಪಟ್ಟಿ?"

"ಪಟ್ಟಿ ಮನೇಲದೆ."

ಆಮೇಲೆ ಒಂದೊಂದಾಗಿ ಹೊರಬಂತು. ಬೆಳಿಗ್ಗೆ ನೈವೇದ್ಯಕ್ಕೆ ಕೇರಿಯ ಹೆಂಗಸರೆಲ್ಲ ನಮ್ಮ ಮನೆಯಲ್ಲಿ ಸೇರಿದ್ದರು. ಅವರು ಬರುವ ಮೊದಲೇ ಅತ್ತೆ ಆಯಿಯ ಹತ್ತಿರ ಪಿನ್ನು ಇಸಿದುಕೊಂಡು ಪಟ್ಟಿ ಬಿಚ್ಚಿ, ಟೀವಿಯ ಪಕ್ಕ ಚಾರ್ಜಿಗೆ ಹಾಕಿದ್ದಳು. ಹನ್ನೆರಡಕ್ಕೆ ಎಲ್ಲರೂ ದಂಡೆಗೆ ಹೋದರು. ಅಜ್ಜಿಯನ್ನು ಮನೆಯಲ್ಲೇ ಬಿಟ್ಟು, ಮುಂಬಾಗಿಲು ಎಳೆದುಕೊಂಡು ಹೋದರು. ಎರಡಕ್ಕೆ ಬಂದಾಗ ಹಿತ್ತಿಲ ಬಾಗಿಲು ತೆರೆದಿತ್ತು. ಬಟ್ಟೆ ತುಂಬುವ ಪ್ಲಾಸ್ಟಿಕ್ ಬುಟ್ಟಿಯೂ ಇರಲಿಲ್ಲ.

"ಎರಡು ಗಂಟೆಗಾ?" ಎಂದೆ. "ಈಗ ಮೂರೂವರೆ. ನಂಗೆ ಎಂತಕೆ ಹೇಳ್ಲಿಲ್ಲ?"

"ನಿಮ್ಮತ್ತೆ ಅಂದ್ಳು, ಅವ್ಳಿಗೆ ಸುಮ್ನೆ ಗಾಬ್ರಿ ಮಾಡೂದು ಬೇಡ, ಇಲ್ಲೇ ಎಲ್ಲೋ ಇರ್ತಾಳೆ ಹೇಳಿ. ದಂಡಿ ಪೂರಾ ನೋಡ್ದ್ವು. ಬಂದರದ ಕಡೆನೂ ನೋಡ್ದ್ವು. ನಮ್ಮನ್ನ ಹುಡ್ಕಂಡು ನೀರ ಹತ್ರ ಬಂದ್ಳೋ ಏನೋ ಹೇಳಿ..."

ಅವರೆಲ್ಲ ನೀರನ್ನು ಹುಡುಕುತ್ತಿದ್ದರು. ಸಮುದ್ರದವರಿಗೆ ಕಾಣೆಯಾದವರು ನೀರಲ್ಲೇ ಇರುತ್ತಾರೆ. ನನ್ನ ಫೋನಿನಲ್ಲಿ ಹಿಂದಿನ ತಿಂಗಳುಗಳ ಗೆರೆಗಳಿದ್ದವು. ಪಟ್ಟಿ ಕಟ್ಟಿದ ಮೇಲೂ ಅಜ್ಜಿ ನಾಲ್ಕಾರು ಸಲ ಹೊರಟಿದ್ದಳು, ಪ್ರತಿ ಸಲ ಚುಕ್ಕೆ ನೋಡಿ ನಾನು ಫೋನು ಮಾಡಿ ಹಿಂದಕ್ಕೆ ಕರೆಸಿದ್ದೆ. ಒಂದು ಗೆರೆಯೂ ಸಮುದ್ರದ ಕಡೆ ಹೋಗಿರಲಿಲ್ಲ. ಎಲ್ಲವೂ ಹಟ್ಟಿಕೇರಿಯ ಕಡೆ ಮುಖಮಾಡಿದ್ದವು.

"ಹೆದ್ದಾರಿ ಆಚೆ ನೋಡು ಅಪ್ಪ," ಎಂದು ಹೇಳಿ, ಕಚೇರಿಯಲ್ಲಿ ಕಾರಣವನ್ನೂ ಹೇಳದೆ ಹೊರಟೆ. ಅಂಕೋಲೆಗೆ ಹೋಗುವ ಬಸ್ಸು ಸಿಕ್ಕಿತು. ಹಟ್ಟಿಕೇರಿ ದಾರಿಯಲ್ಲೇ ಸಿಗುತ್ತದೆ, ಬೇಲೆಕೇರಿಗಿಂತ ಮೊದಲು.

ಬಸ್ಸಿನಲ್ಲಿ ಕಿಟಕಿಯ ಗಾಜು ಸರಿಸಿ ಕೂತೆ. ಮಳೆ ಹನಿ ಒಳಗೆ ಸಿಡಿಯುತ್ತಿತ್ತು. ಹಿಂದಿನ ಸೀಟಿನವನು ಮುಚ್ಚಿ ಎಂದ. ಮುಚ್ಚಲಿಲ್ಲ. ರಸ್ತೆ ಬದಿಯಲ್ಲಿ ಜನ ಗುಂಪುಗೂಡಿದ್ದಲ್ಲೆಲ್ಲ ಕಣ್ಣು ಹೋಗುತ್ತಿತ್ತು. ಒಂದು ಕಡೆ ಕೆಟ್ಟು ನಿಂತ ಗಾಡಿ, ಇನ್ನೊಂದು ಕಡೆ ಎಳನೀರಿನವನ ಛತ್ರಿ. ಆಗ ಆದದ್ದು ಭಯವೋ ಸಿಟ್ಟೋ ಎಂದು ಆಮೇಲೆ ಹಲವು ಸಲ ಕೇಳಿಕೊಂಡಿದ್ದೇನೆ. ಸಿಟ್ಟು. ಮೂರು ಗಂಟೆಗಳ ಕಾಲ ಆ ಚುಕ್ಕೆ ಟೀವಿಯ ಪಕ್ಕ ಕೂತು ನನಗೆ ಸುಳ್ಳು ಹೇಳಿತ್ತು. ಪಟ್ಟಿಯೇ ಇಲ್ಲದಿದ್ದರೆ ನಾನು ಬೆಳಿಗ್ಗೆಯಿಂದ ಫೋನು ಮಾಡಿ ಅಜ್ಜಿ ಎಲ್ಲಿ ಎಂದು ಕೇಳುತ್ತಿದ್ದೆ.

ಹಟ್ಟಿಕೇರಿಯಲ್ಲಿ ಇಳಿದು ಟೈರು ಅಂಗಡಿಯವನನ್ನು ಕೇಳಿದೆ.

"ಬುಟ್ಟಿ ಹೊತ್ಕಂಡ ಅಜ್ಜಿನಾ? ಮಧ್ಯಾಹ್ನ ದಾಟ್ದ್ರು," ಎಂದ ಅವನು. "ಕೈ ಎತ್ತಿ ಲಾರಿನೇ ನಿಲ್ಸಿದ್ರು ನೋಡಿ, ಪೊಲೀಸ್ರ ಹಂಗೆ. ಡ್ರೈವರ್ ಬೈದ, ಅವ್ರು ಅವನಿಗಿಂತ ಜಾಸ್ತಿ ಬೈದ್ರು." ಹೇಳುತ್ತ ನಕ್ಕ. "ಮೀನಿನವ್ರಲ್ದ, ದಿನಾ ಓಡಾಡೂರು ಅಂದ್ಕಂಡೆ."

ಅವನ ಮೇಲೆ ಸಿಟ್ಟಾಗಲಿಲ್ಲ. ಅವನಿಗೆ ಗೊತ್ತಾಗುವಂಥದ್ದು ಏನೂ ಅಜ್ಜಿಯ ಮೈಮೇಲೆ ಇರಲಿಲ್ಲ.

ಗದ್ದೆಯ ಅಂಚಿನ ಮೂರನೆಯ ಮನೆಯ ಜಗಲಿಯಲ್ಲಿ ಅಜ್ಜಿ ಕೂತಿದ್ದಳು. ಎದುರಿಗೆ ಬುಟ್ಟಿ, ಬುಟ್ಟಿಯಲ್ಲಿ ಒಂದು ಒದ್ದೆ ಟವೆಲು ಮತ್ತು ದಾರಿಯಲ್ಲಿ ಕಿತ್ತ ಕೆಸುವಿನ ಎಲೆಗಳು. ಮನೆಯ ಹೆಂಗಸು, ಐವತ್ತರ ಆಸುಪಾಸಿನವಳು, ಪಕ್ಕದಲ್ಲಿ ಕೂತು ಅವಳ ಹಿಮ್ಮಡಿಗೆ ಅರಿಶಿನ ಹಚ್ಚುತ್ತಿದ್ದಳು. ಹಿಮ್ಮಡಿ ಒಡೆದು ರಕ್ತ ಬಂದಿತ್ತು.

ಅಜ್ಜಿ ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ. "ಬಂದ್ಯ? ಇವ್ಳು ಚೌಕಾಶಿ ಮಾಡೂದು ಕೇಳು ಒಂಚೂರು. ಇವ್ಳತ್ತೆ ಹಿಂಗಿರ್ಲಿಲ್ಲ. ಹೇಳ್ದಷ್ಟು ಕೊಡ್ತಿತ್ತು, ಮೇಲಿಂದ ಒಂದು ಸೌತೆಕಾಯಿನೂ ಕೊಡ್ತಿತ್ತು."

"ಬಂಗ್ಡೆ ಸಣ್ದು ಅಂದೆ, ಅದ್ಕೆ ಸಿಟ್ಟು," ಎಂದು ಆ ಹೆಂಗಸು ನನ್ನ ಕಡೆ ನೋಡಿ ಮೆಲ್ಲಗೆ ಹೇಳಿದಳು. ಖಾಲಿ ಬುಟ್ಟಿಗೆ ಅವಳು ಬೆಲೆ ಕೇಳುತ್ತ ಕೂತಿದ್ದಳು, ಅಜ್ಜಿ ಎದ್ದು ಹೋಗಬಾರದೆಂದು. "ನಮ್ಮತ್ತೆ ಕಾಲ್ದಲ್ಲಿ ಬತ್ತಿದ್ರು ಕಾಣ್ತದೆ. ಅತ್ತೆ ಹೋಗಿ ಬಾಳ ವರ್ಷ ಆಯ್ತು, ನಂಗೆ ಇವ್ರ ಗುರ್ತಿಲ್ಲ. ಊರ್ಯಾವ್ದು ಕೇಳಿದ್ರೆ ಬೆಳಂಬಾರ ಅಂದ್ರು. ನಮ್ಮನೆಯವ್ರು ಗಾಡಿ ತಕಂಡು ಬೆಳಂಬಾರಕ್ಕೆ ಹೋಗವ್ರೆ, ಅಲ್ಲಿ ಕೇಳ್ಕಂಡು ಬತ್ತೆ ಹೇಳಿ. ಇನ್ನೂ ಬರ್ಲಿಲ್ಲ."

ಬೆಳಂಬಾರ ಅಜ್ಜಿಯ ತವರು. ಮದುವೆಯಾಗಿ ಬಂದು ಐವತ್ತು ವರ್ಷದ ಮೇಲಾಗಿತ್ತು. ಒಬ್ಬ ಅಪರಿಚಿತ ಮನುಷ್ಯ ಮಳೆಯಲ್ಲಿ ಬೆಳಂಬಾರದ ಮನೆಮನೆಗೆ ಹೋಗಿ, ಯಾರ ಮನೆಯ ಅಜ್ಜಿ ಎಂದು ಕೇಳುತ್ತಿದ್ದ.

"ಕೈಯಲ್ಲಿ ಒಂದು ನಂಬರಾದ್ರೂ ಇರೂಕಾಗಿತ್ತು ತಂಗಿ," ಎಂದಳು ಆ ಹೆಂಗಸು. ಬೈದದ್ದಲ್ಲ, ಕನಿಕರದಿಂದಲೇ ಹೇಳಿದ್ದು. "ಈಗ ಎಂತೆಂತದೋ ಬತ್ತದಂತೆ, ಕೈಗೆ ಕಟ್ಟೂದು. ಟೀವಿಲಿ ತೋರ್ಸ್ತ್ರು."

"ಇದೆ," ಎಂದೆ.

"ಮತ್ತೆಲ್ಲದೆ?"

"ಮನೇಲಿ."

ಅವಳು ಅರಿಶಿನದ ಕೈಯನ್ನು ಹಾಗೇ ಹಿಡಿದು ನನ್ನ ಮುಖ ನೋಡಿದಳು. ಆಮೇಲೆ ಮತ್ತೆ ಅಜ್ಜಿಯ ಹಿಮ್ಮಡಿಗೆ ಬಾಗಿದಳು. ಹೆದ್ದಾರಿಯಾಚೆ ಇನ್ನೊಂದು ಕೇರಿಯಲ್ಲಿ ಹುಡುಕುತ್ತಿದ್ದ ಅಪ್ಪನಿಗೆ ಫೋನು ಮಾಡಿ ಸಿಕ್ಕಿದಳು ಎಂದೆ. ಮನೆಯಾಕೆ ತನ್ನ ಗಂಡನಿಗೂ ತಿಳಿಸಿದಳು. ಹೊರಡುವಾಗ ಆ ಹೆಂಗಸು ಅಜ್ಜಿಯ ಬುಟ್ಟಿಗೆ ಎರಡು ಸೌತೆಕಾಯಿ ಹಾಕಿದಳು.

ರಿಕ್ಷಾದಲ್ಲಿ ಮನೆ ತಲುಪುವಾಗ ಕತ್ತಲಾಗುತ್ತಿತ್ತು. ಕೇರಿಯ ಹೆಂಗಸರೆಲ್ಲ ನಮ್ಮ ಜಗಲಿಯಲ್ಲಿದ್ದರು. ಅತ್ತೆ ಓಡಿಬಂದು ಅಜ್ಜಿಯನ್ನು ತಬ್ಬಿಕೊಂಡು ಅತ್ತಳು. ಆ ಅಳು ನಿಜವಾದದ್ದೇ, ಅನುಮಾನವಿಲ್ಲ. ಆಮೇಲೆ ಕಣ್ಣೊರೆಸಿಕೊಂಡು, "ಸಿಕ್ಕಿದ್ಳಲ್ಲ. ಎಂತದೂ ಆಗ್ಲಿಲ್ಲ. ಬಿಡಿ ಇನ್ನು," ಎಂದಳು.

ನಾನು ಟೀವಿಯ ಪಕ್ಕದಿಂದ ಪಟ್ಟಿಯನ್ನು ತಂದು ಎಲ್ಲರ ನಡುವೆ ನೆಲದ ಮೇಲೆ ಇಟ್ಟೆ.

"ಇದ್ನ ಎಂತಕೆ ತೆಗ್ದೆ ಅತ್ತೆ?"

"ತೆಗ್ದೆ. ಬಿಸಾಡಿದ್ನ? ಹಾಳಾಗ್ಬಾರ್ದು ಹೇಳಿ ಚಾರ್ಜಿಗೆ ಹಾಕಿಟ್ಟಿದ್ದೆ."

"ಎಂತಕೆ ತೆಗ್ದೆ ಹೇಳು."

"ನಿಂಗೆ ಗೊತ್ತಾಗೂದಿಲ್ಲ. ವರ್ಷಕ್ಕೊಂದು ಪೂಜೆ. ಗಂಡ ಹೋದವ್ಳು ಕೈಯಲ್ಲಿ ಹಸ್ರು ಹಾಕ್ಕಂಡು ನೈವೇದ್ಯದ ಎದ್ರಿಗೆ ಓಡಾಡೂದಾ? ನಾಳಿಗೆ ದೋಣಿ ನೀರಿಗೆ ಇಳೀತದೆ. ನನ್ ಮಗ ಅದೇ ದೋಣಿಲಿ ಹೋತ. ಏನಾದ್ರೂ ಆದ್ರೆ ನಿನ್ ಯಂತ್ರ ಬತ್ತದ್ಯ?"

ಅವಳ ಭಯ ನನಗೆ ಗೊತ್ತಿಲ್ಲದ್ದಲ್ಲ. ಸಮುದ್ರಕ್ಕೆ ಹೋದವರು ಬರುವ ತನಕ ಹೆಂಗಸರು ಹೇಗೆ ಇರುತ್ತಾರೆಂದು ಅದೇ ಮನೆಯಲ್ಲಿ ಬೆಳೆದ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಆ ಹೊತ್ತು ನನ್ನಲ್ಲಿ ಕರುಣೆ ಹುಟ್ಟಲಿಲ್ಲ.

"ಅಜ್ಜಿನ ಪೂಜೆಗೆ ಕರ್ಕಂಡು ಹೋಗಿದ್ಯ?" ಎಂದು ಕೇಳಿದೆ.

"ಅವ್ಳು ಹೆಂಗೆ ಬರೂದು? ಅವ್ಳು ಬರೂಕಾತದ್ಯ?"

"ಕರ್ಕಂಡು ಹೋಗೂದಿಲ್ಲ. ಜೊತಿಗೆ ಒಬ್ರು ಕೂರೂದೂ ಇಲ್ಲ. ಖಾಲಿ ಮನೇಲಿ ಒಬ್ಳೇ ಇರೂಳ ಕೈ ಯಾರು ನೋಡೂರಿದ್ರು? ಅವ್ರೆಲ್ಲ ದಂಡಿಗೆ ಹೋದ ಮೇಲಾದ್ರೂ ಕಟ್ಟಿ ಹೋಗೂಕೆ ಎಂತಾಗಿತ್ತು?"

ಆಯಿ ನೆಲ ನೋಡುತ್ತಿದ್ದಳು. ಪಿನ್ನು ಕೊಟ್ಟವಳು ಅವಳು. ನಾನು ದನಿ ಎತ್ತಿರಲಿಲ್ಲ. ಆದರೆ ಅಷ್ಟೊಂದು ಮಾತನ್ನು ಒಟ್ಟಿಗೆ ನನ್ನ ಬಾಯಲ್ಲಿ ಅವರು ಯಾರೂ ಕೇಳಿರಲಿಲ್ಲ. ಎಮ್ಮೆಗೊಂದು ತರಿಸಿಕೊಡು ಎಂದಿದ್ದ ಪಕ್ಕದ ಮನೆಯವಳು ಎದ್ದು, "ದೀಪ ಹಚ್ಚೂ ಹೊತ್ತಾಯ್ತು," ಎನ್ನುತ್ತ ಹೋದಳು. ಒಬ್ಬೊಬ್ಬರಾಗಿ ಉಳಿದವರೂ ಹೋದರು.

ಊಟವಾದ ಮೇಲೆ ಅಪ್ಪ ನನ್ನ ಹತ್ತಿರ ಬಂದು ಕೂತ. "ಕಪ್ಪು ಬಣ್ಣದ್ದು ಬತ್ತದ್ಯ ಮಗಾ ಅದು?" ಎಂದು ಕೇಳಿದ. "ಕಪ್ಪಾದ್ರೆ ಯಾರೂ ತೆಗಿಯೂದಿಲ್ಲ. ವಾಚು ಅಂದ್ಕಂತ್ರು."

ಸರಳವಾದ ಉಪಾಯ. ನೋಡಿದೆ, ಈಗ ಕಪ್ಪು ಇತ್ತು, ಬರೀ ಪಟ್ಟಿಯನ್ನಷ್ಟೇ ಬದಲಿಸಬಹುದಿತ್ತು. ಇಲ್ಲ, ಹಸಿರೇ ಇರಲಿ, ಅವಳ ಕೈ, ಅವಳ ಬಣ್ಣ ಎಂದು ಹಟ ಹಿಡಿಯಬಹುದಿತ್ತು. ಹಿಡಿದರೆ ಇನ್ನೊಂದು ಪೂಜೆ ಬರುತ್ತದೆ, ಮದುವೆ ಬರುತ್ತದೆ, ನಾಮಕರಣ ಬರುತ್ತದೆ, ಪ್ರತಿ ಸಲ ಯಾರೋ ಒಬ್ಬರು ಪಿನ್ನು ಹುಡುಕುತ್ತಾರೆ. ನನ್ನ ಹಟಕ್ಕೆ ಬೆಲೆ ಕೊಡಬೇಕಾದವಳು ಹೆದ್ದಾರಿ ದಾಟುವವಳು. ನಾನು ಕಪ್ಪನ್ನು ಒತ್ತಿದೆ. ನಿಲ್ಲಿಸಿದ್ದ ಸೂಚನೆಯನ್ನೂ ಮತ್ತೆ ಶುರು ಮಾಡಿದೆ. ಅಜ್ಜಿಯ ವಿಷಯವನ್ನು ಕಚೇರಿಯಲ್ಲೂ ಹೇಳಿದೆ. ಹೇಳಿದ್ದರಿಂದ ನನಗೇನೂ ಆಗಲಿಲ್ಲ.

ಅತ್ತೆಗೆ ಕಪ್ಪು ಪಟ್ಟಿ ಬಹಳ ಇಷ್ಟವಾಯಿತು. ಈಗ ದಿನಾ ಬೆಳಿಗ್ಗೆ ಸ್ನಾನವಾದ ಮೇಲೆ ಅವಳೇ ಬಂದು ಕಟ್ಟುತ್ತಾಳೆ. ಬಂದವರಿಗೆಲ್ಲ ಅಜ್ಜಿಯ ಕೈ ಎತ್ತಿ ತೋರಿಸಿ, "ಎಲ್ಲಿ ಹೋದ್ರೂ ಗೊತ್ತಾತದೆ, ನಮ್ ಹುಡುಗಿ ತಂದದ್ದು," ಎನ್ನುತ್ತಾಳೆ. ನಾನು ಅಲ್ಲಿದ್ದರೆ ಎದ್ದು ಹೋಗುತ್ತೇನೆ. ಕ್ಷಮಿಸು ಎಂದು ಅವಳು ಕೇಳಿಲ್ಲ, ಕೇಳಬೇಕೆಂದು ಅವಳಿಗೆ ಹೊಳೆದೂ ಇಲ್ಲ. ಗೆದ್ದದ್ದು ಅವಳು.

ಕಪ್ಪು ಪಟ್ಟಿ ಬಂದ ವಾರ, ಒಂದು ಭಾನುವಾರ ಬೆಳಿಗ್ಗೆ, ನಾನು ಅಜ್ಜಿಯ ತಲೆ ಬಾಚುತ್ತಿದ್ದೆ. ಅತ್ತೆ ಒಳಗೆ ಆಯಿಯ ಜೊತೆ ಮೀನು ಕೊಯ್ಯುತ್ತಿದ್ದಳು. ಅಜ್ಜಿ ಮಡಿಲಲ್ಲಿದ್ದ ತನ್ನ ಕೈಯನ್ನು ನೋಡಿಕೊಂಡಳು. ಪಟ್ಟಿಯನ್ನು ಮೇಲೆ ಸರಿಸಿದಳು, ಕೆಳಗೆ ಸರಿಸಿದಳು, ಅದರಡಿಯಲ್ಲಿ ಏನೋ ಹುಡುಕಿದಳು. ಇನ್ನೊಂದು ಕೈ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಹಸ್ರು ತೆಗ್ದದ್ದು ಯಾರು?" ಎಂದಳು. "ಅವ್ರು ಹೋದ್ರನೇ? ನಂಗೆ ಯಾರೂ ಹೇಳ್ಲೇ ಇಲ್ಲಲ್ಲ."

ಒಳಗೆ ಮೀನು ಕೊಯ್ಯುವ ಸದ್ದು ನಿಂತಿತು.

"ಇಲ್ಲ ಅಜ್ಜಿ," ಎಂದೆ. ಒಳಗಿದ್ದವರಿಗೂ ಕೇಳಲಿ ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. "ಅಜ್ಜ ಎಲ್ಲೂ ಹೋಗ್ಲಿಲ್ಲ. ಮೀನಿಗೆ ಹೋಗವ್ರೆ, ಬತ್ರು."